ಓಪುವಾ ತಲುಪಿದ್ದೇವೆ, ಋಣದ ಲೆಕ್ಕ ಇಲ್ಲಿದೆ

ಪನಾಮಾದಿಂದ ಹೊರಟ ನಮ್ಮ ಹಾಯಿದೋಣಿ ಗಲಾಪಗೋಸ್, ಮಾರ್ಕೇಸಸ್, ಟುವಾಮೊಟು, ಟಹೀಟಿ, ಟೋಂಗಾ, ಫಿಜಿಗಳನ್ನು ದಾಟಿ ನ್ಯೂಜಿಲೆಂಡಿನ ಓಪುವಾದಲ್ಲಿ ಬಂದು ನಿಂತಿದೆ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಅದು ಬಲಿಯುವ ಮುಂಚೆ ಉಷ್ಣವಲಯದಿಂದ ಹೊರಬಿದ್ದದ್ದಾಯಿತು. ಶುಭಾಶಯ ಕಳಿಸಿದವರೆಲ್ಲ ಇಬ್ಬರೇ ಇಷ್ಟು ದೂರ ಹೇಗೆ ಬಂದಿರಿ ಎಂದು ಕೇಳುತ್ತಿದ್ದಾರೆ. ದೋಣಿಯಲ್ಲಿದ್ದವರು ಇಬ್ಬರೇ ನಿಜ, ಆದರೆ ಅದರ ತಂತಿ, ಸರಪಳಿ, ಪಂಪು, ಹಾಯಿ ಎಲ್ಲದರಲ್ಲೂ ಯಾರದ್ದೋ ಕೈಗುಣ ಇದೆ. "ಎಲ್ಲರಿಗೂ ಧನ್ಯವಾದ" ಎಂದು ಒಂದು ಸಾಲು ಬರೆದು ಮುಗಿಸಿದರೆ ಅವರು ಹೇಳಿಕೊಟ್ಟದ್ದು ನಮ್ಮಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಯಾರಿಂದ ಏನು ಬಂತು ಎಂಬುದನ್ನೂ ಸೇರಿಸಿ ಬರೆಯುತ್ತಿದ್ದೇವೆ. ಹೆಸರು ಹಾಕಬೇಡಿ ಅಂದವರೇ ಹೆಚ್ಚು, ಹಾಗಾಗಿ ಹೆಸರುಗಳಿಲ್ಲ.

ಮೊದಲ ನಮಸ್ಕಾರ ರಿಗ್ಗಿಂಗ್ ಕೆಲಸದವರಿಗೆ, ಅಂದರೆ ಹಾಯಿಕಂಬದ ತಂತಿ, ಹಗ್ಗ ನೋಡಿಕೊಳ್ಳುವವರಿಗೆ. ಮಾಸ್ಟ್ (ಹಾಯಿಕಂಬ) ಹಿಡಿದಿರುವ ಸ್ಟೀಲ್ ತಂತಿ ಸಾಮಾನ್ಯವಾಗಿ ನಡುವಿನಲ್ಲಿ ಹರಿಯುವುದಿಲ್ಲ, ಕೆಳತುದಿಯಲ್ಲಿ ಸ್ವೇಜ್ (ತಂತಿಯ ತುದಿಗೆ ಯಂತ್ರದಿಂದ ಒತ್ತಿ ಕೂರಿಸಿದ ಲೋಹದ ಕೊಳವೆ) ಒಳಗೆ ಹೊಗುವ ಜಾಗದಲ್ಲಿ ಹರಿಯುತ್ತದೆ. ಉಪ್ಪುನೀರು ತಂತಿಗುಂಟ ಇಳಿದು ಆ ಬಟ್ಟಲಿನಲ್ಲಿ ನಿಲ್ಲುತ್ತದೆ. ಅಲ್ಲಿ ಗಾಳಿಯಾಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವ ತೆಳು ಆಕ್ಸೈಡ್ ಪದರ ಉಳಿಯಬೇಕಾದರೆ ಆಮ್ಲಜನಕ ಬೇಕು. ಅದಿಲ್ಲದ ಕಡೆ ಉಪ್ಪು ಲೋಹವನ್ನು ಒಳಗಿಂದಲೇ ತಿನ್ನುತ್ತದೆ, ಮೇಲಿಂದ ನೋಡಿದರೆ ಹೊಳೆಯುತ್ತಲೇ ಇರುತ್ತದೆ. ಇದರ ಜೊತೆಗೆ ಅಲೆಯ ಪ್ರತಿ ಹೊಯ್ದಾಟಕ್ಕೂ ತಂತಿ ಅಲ್ಲೇ ಬಾಗುತ್ತದೆ. ಪರೀಕ್ಷೆ ಸುಲಭ: ಟಿಶ್ಯೂ ಪೇಪರನ್ನು ತಂತಿಗೆ ಸುತ್ತಿ ಮೇಲಕ್ಕೂ ಕೆಳಕ್ಕೂ ಉಜ್ಜಿ, ಒಂದು ಎಳೆ ಮುರಿದಿದ್ದರೂ ಪೇಪರು ಸಿಕ್ಕಿಕೊಳ್ಳುತ್ತದೆ. ಆಮೇಲೆ ಭೂತಗನ್ನಡಿ ಹಿಡಿದು ಸ್ವೇಜ್ ಮೈಮೇಲೆ ಉದ್ದಕ್ಕೆ ಕೂದಲೆಳೆಯ ಬಿರುಕು ಇದೆಯೇ ನೋಡಬೇಕು. ಎರಡರಲ್ಲಿ ಒಂದು ಕಂಡರೂ ಆ ತಂತಿಯನ್ನು ನಂಬಬಾರದು.

ಇನ್ನೊಬ್ಬರು ಅದಕ್ಕಿಂತ ದೊಡ್ಡ ಉಪಕಾರ ಮಾಡಿದರು. ಒತ್ತುಯಂತ್ರ ಇಲ್ಲದ ದ್ವೀಪದಲ್ಲಿ ಕೈಯಿಂದಲೇ ಕೂರಿಸಬಹುದಾದ ಸ್ಟಾ-ಲಾಕ್ ತುದಿಯನ್ನು ಹೇಗೆ ಹಾಕಬೇಕೆಂದು ತೋರಿಸಿಕೊಟ್ಟರು. ತಂತಿಯಲ್ಲಿ 19 ಎಳೆಗಳಿರುತ್ತವೆ: ಹೊರಗೆ 12, ಒಳಗೆ 6, ನಟ್ಟನಡುವೆ 1. ಕತ್ತರಿಸುವ ಮುಂಚೆ ಟೇಪು ಸುತ್ತಿ, ನೇರವಾಗಿ ಗರಗಸದಿಂದ ಕೊಯ್ಯಬೇಕು. ಸಾಕೆಟ್ಟನ್ನು (ಸ್ಟಾ-ಲಾಕ್‌ನ ಕೊಳವೆಯಂಥ ಭಾಗ) ಮೊದಲೇ ತಂತಿಗೆ ಪೋಣಿಸಿಟ್ಟುಕೊಳ್ಳಬೇಕು, ಇದನ್ನು ಮರೆತು ಎಲ್ಲ ಮುಗಿದ ಮೇಲೆ ಬಿಚ್ಚುವವರು ಬಹಳ. ಹೊರಗಿನ 12 ಎಳೆಗಳನ್ನು ಬಿಡಿಸಿ, ಒಳಗಿನ 7ರ ಮೇಲೆ ಶಂಕುವಿನಾಕಾರದ ಬೆಣೆ ತೂರಿಸಿ, ಒಳತಿರುಳು ಬೆಣೆಯಿಂದ ಒಂದೆರಡು ಮಿಲಿಮೀಟರ್ ಹೊರಗೆ ಇಣುಕುವಂತೆ ನಿಲ್ಲಿಸಬೇಕು. ಹೊರ ಎಳೆಗಳನ್ನು ಮತ್ತೆ ಅವುಗಳ ತಿರುವಿನಲ್ಲೇ ಬೆಣೆಯ ಸುತ್ತ ಸಮನಾಗಿ ಕೂರಿಸಬೇಕು. ಎಡವಟ್ಟಾಗುವುದು ಇಲ್ಲೇ. ಬೆಣೆಯಲ್ಲಿ ಒಂದು ಸೀಳು ಇರುತ್ತದೆ, ಹೊರ ಎಳೆಯೊಂದು ಅದರೊಳಗೆ ಜಾರಿದರೆ ಬೆಣೆ ಬಿಗಿಯುವುದಿಲ್ಲ. ಅದಕ್ಕೇ ಒಮ್ಮೆ ತಿರುಗಿಸಿ ಬಿಗಿ ಮಾಡಿ, ಮತ್ತೆ ಬಿಚ್ಚಿ, ಎಳೆಗಳು ಸಮನಾಗಿ ಬಾಗಿವೆಯೇ ನೋಡಿ, ಆಮೇಲೆಯೇ ಒಳಗೆ ಸೀಲೆಂಟ್ ತುಂಬಿ ಕೊನೆಯದಾಗಿ ಮುಚ್ಚುವುದು. ಸೀಲೆಂಟ್ ಇಲ್ಲದಿದ್ದರೆ ಸ್ವೇಜ್‌ನ ಕಥೆಯೇ ಮತ್ತೆ. ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ ಬಲ ಹಾಕುವ ಅಗತ್ಯವೇ ಇಲ್ಲ, ಹಾಗೆ ಮಾಡಿದರೆ ಥ್ರೆಡ್ಡು ಕಚ್ಚಿಕೊಳ್ಳುತ್ತದೆ. ಗಲಾಪಗೋಸ್‌ನಿಂದ ಮಾರ್ಕೇಸಸ್‌ಗೆ ಸುಮಾರು 3,000 ನಾಟಿಕಲ್ ಮೈಲಿ, ಹೆಚ್ಚುಕಡಿಮೆ ಮೂರು ವಾರದ ದಾರಿ, ನಡುವೆ ನೆಲವೇ ಇಲ್ಲ. ದೋಣಿಯ ಅತ್ಯಂತ ಉದ್ದದ ತಂತಿಯಷ್ಟು ಹೆಚ್ಚುವರಿ ತಂತಿ, ಎರಡು ಸ್ಟಾ-ಲಾಕ್, ನಾಲ್ಕಾರು ಬಿಡಿ ಬೆಣೆಗಳು ಇಲ್ಲದೆ ಆ ದಾರಿಗೆ ಇಳಿಯಬಾರದು ಅನ್ನುವುದು ಈಗ ನಮ್ಮದೂ ಅಭಿಪ್ರಾಯ. ಬೆಣೆ ಒಮ್ಮೆ ಕೆಲಸ ಮಾಡಿದರೆ ಮುಗಿಯಿತು, ಪ್ರತಿ ಸಲ ಹೊಸದೇ ಬೇಕು.

ಟುವಾಮೊಟು ಅಟೋಲ್‌ಗಳ ಮೀನುಗಾರರಿಗೂ, ನಮಗಿಂತ ಮುಂಚೆ ಅಲ್ಲಿ ಲಂಗರು ಹಾಕಿದ್ದ ದೋಣಿಗಳವರಿಗೂ ಎಷ್ಟು ಹೇಳಿದರೂ ಕಡಿಮೆ. ಅಟೋಲ್ ಎಂದರೆ ಹವಳದ ಬಳೆ, ಒಳಗೆ ಲಗೂನು ಎಂಬ ಕೊಳ, ಒಳಹೋಗಲು ಪಾಸ್ ಎಂಬ ಒಂದೋ ಎರಡೋ ಇಕ್ಕಟ್ಟು ದಾರಿ. ಭರತ ಇಳಿತದ ಪಟ್ಟಿಯನ್ನಷ್ಟೇ ನಂಬಿ ಪಾಸ್‌ಗೆ ನುಗ್ಗುವವರು ಅಲ್ಲಿ ಸೋಲುತ್ತಾರೆ. ದಕ್ಷಿಣದ ದೊಡ್ಡ ಅಲೆಗಳು ಹವಳದ ದಿಬ್ಬದ ಮೇಲಿಂದ ಲಗೂನಿಗೆ ನೀರು ಸುರಿಯುತ್ತಲೇ ಇರುತ್ತವೆ. ಒಳಗೆ ತುಂಬಿದ ನೀರೆಲ್ಲ ಪಾಸ್ ಮೂಲಕವೇ ಹೊರಬೀಳಬೇಕು. ಅಂಥ ದಿನಗಳಲ್ಲಿ ಪಟ್ಟಿಯ ಪ್ರಕಾರ ನೀರು ನಿಲ್ಲಬೇಕಾದ ಹೊತ್ತಿಗೂ ಹೊರಹರಿವು ರಭಸವಾಗಿಯೇ ಇರುತ್ತದೆ. ಎದುರುಗಾಳಿ ಸೇರಿಕೊಂಡರೆ ಪಾಸ್ ಬಾಯಲ್ಲಿ ನಿಂತಲೆಗಳು ಏಳುತ್ತವೆ. ಸ್ಥಳೀಯರ ಉಪಾಯ ಸರಳ: ಹಿಂದಿನ ಎರಡು ಮೂರು ದಿನ ಅಲೆ ಎಷ್ಟಿತ್ತು ಎಂದು ನೋಡಿ, ಪಾಸ್ ಹೊರಗೆ ನಿಂತು ಬಿಳಿನೊರೆ ಇಳಿಯುವವರೆಗೆ ಕಾಯಿರಿ, ಸೂರ್ಯ ಬೆನ್ನ ಹಿಂದಿರಲಿ.

ಬೆಳಿಗ್ಗೆ 10ರಿಂದ ಮಧ್ಯಾಹ್ನ 2–3 ಗಂಟೆಯವರೆಗೆ ಬಿಸಿಲು ಮೇಲಿನಿಂದ ಬೀಳುವಾಗ ನೀರಿನ ಬಣ್ಣವೇ ನಕ್ಷೆ. ಕಡುನೀಲಿ ಆಳ, ತಿಳಿಹಸಿರು ಮರಳು, ಕಂದು ಬಣ್ಣ ಕಂಡರೆ ಹವಳ ಮೇಲೆಯೇ ಇದೆ. ಒಬ್ಬರು ಪೋಲರೈಸ್ಡ್ ಕನ್ನಡಕ ಹಾಕಿ ಮುಂಭಾಗದಲ್ಲಿ ಎತ್ತರಕ್ಕೆ ನಿಲ್ಲಬೇಕು. ಮೋಡ ಬಂದು ಸೂರ್ಯನನ್ನು ಮುಚ್ಚಿದರೆ ವೇಗ ಇಳಿಸಿ ನಿಲ್ಲುವುದೇ ದಾರಿ. ಉಪಗ್ರಹ ಚಿತ್ರಗಳನ್ನು ಜೋಡಿಸಿ, ನಕ್ಷೆ ತೋರಿಸುವ ತಂತ್ರಾಂಶವಾದ ಓಪನ್‌ಸಿಪಿಎನ್‌ನಲ್ಲಿ ಬಳಸುವಂತೆ ಮಾಡಿ ಹಂಚುವವರಿಗೂ, ಆ ತಂತ್ರಾಂಶವನ್ನು ಬಿಟ್ಟಿಯಾಗಿ ಬರೆಯುತ್ತಿರುವ ಸ್ವಯಂಸೇವಕರಿಗೂ ಇಲ್ಲೇ ನಮಸ್ಕಾರ. ಹಳೆಯ ಸರ್ವೇ ಮೇಲೆ ನಿಂತ ನಕ್ಷೆಯಲ್ಲಿ ದಿಬ್ಬ ಒಂದು ಕಡೆ, ನೀರಿನಲ್ಲಿ ಇನ್ನೊಂದು ಕಡೆ ಇರುವುದುಂಟು. ಉಪಗ್ರಹ ಚಿತ್ರದಲ್ಲಿ ಅದು ತಟ್ಟನೆ ಗೊತ್ತಾಗುತ್ತದೆ.

ಲಂಗರಿನ ಸರಪಳಿಯನ್ನು ತೇಲಿಸುವ ವಿದ್ಯೆ ಕಲಿಸಿದವರಿಗೆ ಪ್ರತ್ಯೇಕ ಪ್ಯಾರಾ ಕೊಡಲೇಬೇಕು. ಮರಳಿನ ತಳದಲ್ಲಿ ಅಲ್ಲಲ್ಲಿ ಹವಳದ ಗುಡ್ಡೆಗಳಿರುತ್ತವೆ. ಗಾಳಿ ತಿರುಗಿದಾಗ ಸರಪಳಿ ಅದಕ್ಕೆ ಸುತ್ತಿಕೊಂಡರೆ ಎರಡು ನಷ್ಟ. ಹವಳ ಪುಡಿಯಾಗುತ್ತದೆ, ಜೊತೆಗೆ 50 ಮೀಟರ್ ಸರಪಳಿ 10 ಮೀಟರಿನಂತಾಗಿ ಅಲೆ ಬಂದಾಗ ಮುಂಭಾಗದ ರೋಲರನ್ನೇ ಕಿತ್ತುಹಾಕುವಷ್ಟು ಜೋರಾಗಿ ಜಗ್ಗುತ್ತದೆ. ಪರಿಹಾರ ಮುತ್ತಿನ ಸಾಕಣೆಯ ತೇಲುಬುರುಡೆ. ದಡದಲ್ಲಿ ಹರಕೊಂಡು ಬಂದು ಬಿದ್ದಿರುತ್ತವೆ, ಕಾಸು ಖರ್ಚಿಲ್ಲ. 30 ಸೆಂಟಿಮೀಟರ್ ವ್ಯಾಸದ ಬುರುಡೆ ಸುಮಾರು 13 ಕಿಲೋ ಎತ್ತುತ್ತದೆ, 10 ಮಿಲಿಮೀಟರ್ ಸರಪಳಿ ನೀರಿನೊಳಗೆ ಮೀಟರಿಗೆ ಸುಮಾರು 2 ಕಿಲೋ ತೂಗುತ್ತದೆ. ಅಂದರೆ ಆರು ಮೀಟರಿಗೊಂದು ಬುರುಡೆ. ಮೊದಲು ಮರಳಿನ ತೇಪೆ ಹುಡುಕಿ ಲಂಗರು ಬಿಟ್ಟು, ಹಿಮ್ಮುಖ ಎಂಜಿನ್ ಬಲದಿಂದ ಹೂಳಿಸಬೇಕು. ನೀರಿನ ಆಳಕ್ಕಿಂತ ಸ್ವಲ್ಪ ಹೆಚ್ಚು ಸರಪಳಿ ಬರಿದೇ ನೆಲದ ಮೇಲೆ ಬಿದ್ದಿರಲಿ, ಲಂಗರಿನ ಹಿಡಿತ ಇರುವುದು ಅಡ್ಡ ಎಳೆತದಲ್ಲಿ. ಅಲ್ಲಿಂದಾಚೆ ಬುರುಡೆಗಳನ್ನು ಚಿಕ್ಕ ಹಗ್ಗ, ಕೊಂಡಿಯಿಂದ ಸಿಕ್ಕಿಸುತ್ತ ಬಿಡಬೇಕು. ಗಾಳಿಯಿಲ್ಲದಾಗ ಬುರುಡೆ ಮೇಲ್ಮೈಗೆ ಬಂದು ಡಿಂಗಿಗಳಿಗೆ (ದಡಕ್ಕೆ ಹೋಗಿಬರುವ ಚಿಕ್ಕ ದೋಣಿಗಳಿಗೆ) ಅಡ್ಡವಾಗುವಷ್ಟು ಉದ್ದದ ಹಗ್ಗ ಬೇಡ. ಗಾಳಿತುಂಬಿದ ಮೆತ್ತನೆಯ ಫೆಂಡರ್ ಈ ಕೆಲಸಕ್ಕೆ ಆಗದು, ಆಳಕ್ಕೆ ಹೋದಂತೆ ಕುಗ್ಗಿ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಸರಪಳಿ ಮಾತ್ರ ಆದರೆ ಆಳದ ಐದು ಪಟ್ಟು, ಹಗ್ಗ ಸೇರಿದ್ದರೆ ಏಳು ಪಟ್ಟು ಬಿಡುವ ಲೆಕ್ಕ ಬುರುಡೆ ಇದ್ದರೂ ಬದಲಾಗುವುದಿಲ್ಲ. ಕೊನೆಯಲ್ಲಿ 8–10 ಮೀಟರ್ ನೈಲಾನ್ ಸ್ನಬ್ಬರ್ (ಜಗ್ಗಾಟ ನುಂಗುವ ಹಗ್ಗ) ಕಟ್ಟದೆ ಮಲಗಬೇಡಿ. ಸರಪಳಿಗೆ ಹಿಗ್ಗುವ ಗುಣವಿಲ್ಲ, ನೈಲಾನಿಗಿದೆ.

ಮೀನಿನ ವಿಷಯದಲ್ಲಿ ನಮ್ಮನ್ನು ಕಾಪಾಡಿದವರು ಹಳ್ಳಿಗಳ ಹಿರಿಯರು. ಸಿಗುವಾಟೆರಾ ಹವಳದಿಬ್ಬದ ಪಾಚಿಗಳ ನಡುವೆ ಬೆಳೆಯುವ ಸೂಕ್ಷ್ಮಜೀವಿಯಿಂದ ಬರುವ ವಿಷ. ಪಾಚಿ ಮೇಯುವ ಮೀನಿನಿಂದ ಅದನ್ನು ತಿನ್ನುವ ದೊಡ್ಡ ಮೀನಿಗೆ ಏರುತ್ತ ಹೋಗಿ ಸಾಂದ್ರವಾಗುತ್ತದೆ. ಬೇಯಿಸಿದರೂ ಹೋಗದು, ಫ್ರೀಜ್ ಮಾಡಿದರೂ ಹೋಗದು, ವಾಸನೆ ರುಚಿ ಏನೂ ಬದಲಾಗದು. ನೊಣ ಕೂತರೆ ಸರಿ, ಬೆಕ್ಕು ತಿಂದರೆ ಸರಿ ಎನ್ನುವ ಪರೀಕ್ಷೆಗಳು ಬರೀ ಮಾತು. ವಾಂತಿ ಭೇದಿ, ಬಾಯಿ ಬೆರಳು ಜುಮುಗುಟ್ಟುವುದು, ತಣ್ಣಗಿನದು ಮುಟ್ಟಿದರೆ ಸುಟ್ಟಂತಾಗುವುದು ಇದರ ಲಕ್ಷಣಗಳು. ಇದಕ್ಕೆ ಪ್ರತಿವಿಷ ಇಲ್ಲ. ಒಂದೇ ಅಟೋಲ್‌ನಲ್ಲಿ ಪಾಸ್‌ನ ಈ ಬದಿಯ ಮೀನು ಒಳ್ಳೆಯದು, ಆ ಬದಿಯದು ಕೆಟ್ಟದ್ದು ಎಂದು ಇರುವಾಗ ಪುಸ್ತಕ ಪ್ರಯೋಜನಕ್ಕೆ ಬಾರದು, ಅಲ್ಲಿಯವರನ್ನೇ ಕೇಳಬೇಕು. ಕೇಳಲು ಯಾರೂ ಸಿಗದಿದ್ದರೆ ದಿಬ್ಬದ ಮೀನು ಮುಟ್ಟದೆ, ತೆರೆದ ಸಮುದ್ರದಲ್ಲಿ ಗಾಳದ ದಾರಕ್ಕೆ ಸಿಗುವ ಟ್ಯೂನಾ, ಮಾಹಿಮಾಹಿಯಿಂದ ತೃಪ್ತರಾಗಬೇಕು. ಬರಾಕುಡ, ಮೊರೇ ಈಲ್ ಎಂಬ ಹಾವುಮೀನು ಎಂದೂ ಬೇಡ.

ಫಿಜಿಯ ಹಳ್ಳಿಗಳಲ್ಲಿ ನಮ್ಮನ್ನು ಒಳಗೆ ಬಿಟ್ಟುಕೊಂಡ ಮುಖ್ಯಸ್ಥರಿಗೆ, ಅವರ ಬಳಿಗೆ ಕರೆದೊಯ್ದ ತುರಾಂಗ ನಿ ಕೋರೊಗಳಿಗೆ (ಹಳ್ಳಿಯ ವ್ಯವಹಾರ ನೋಡುವವರಿಗೆ) ವಿನಾಕಾ ವಾಕಾಲೆವು, ಅಂದರೆ ತುಂಬಾ ಧನ್ಯವಾದ. ಹಳ್ಳಿಯ ಮುಂದಿನ ನೀರು, ದಿಬ್ಬ, ಮೀನು ಎಲ್ಲವೂ ಆ ಹಳ್ಳಿಯದೇ ಎಂದು ತಿಳಿದು ನಡೆಯಬೇಕು. ಲಂಗರು ಹಾಕಿದ ಕೂಡಲೇ, ಈಜಲು ಇಳಿಯುವ ಮುಂಚೆಯೇ, ಸೆವುಸೆವು ಮಾಡಬೇಕು: ಕಾವಾ ಪಾನೀಯ ಮಾಡುವ ಯಂಗೋನ ಬೇರಿನ ಅರ್ಧ ಕಿಲೋದಷ್ಟು ಕಟ್ಟನ್ನು ಮುಖ್ಯಸ್ಥರ ಮುಂದೆ ನೆಲದ ಮೇಲೆ ಇಡುವುದು, ಕೈಗೆ ಕೊಡುವುದಲ್ಲ. ಟೋಪಿ, ತಂಪು ಕನ್ನಡಕ ತೆಗೆಯಬೇಕು, ಚೀಲ ಹೆಗಲಲ್ಲಿ ಬೇಡ ಕೈಯಲ್ಲಿರಲಿ, ಮೊಣಕಾಲು ಮುಚ್ಚುವ ಸುಲು (ಲುಂಗಿಯಂಥ ಬಟ್ಟೆ) ಉಟ್ಟಿರಬೇಕು. ಬೇರನ್ನು ಫಿಜಿಯ ಸಾವುಸಾವು ಪಟ್ಟಣದ ಮಾರುಕಟ್ಟೆಯಲ್ಲೇ ಸಾಕಷ್ಟು ಕೊಂಡಿಟ್ಟುಕೊಳ್ಳಿ, ಹೊರ ದ್ವೀಪಗಳಲ್ಲಿ ಸಿಗುವುದು ಖಾತ್ರಿಯಿಲ್ಲ.

ಡೀಸೆಲ್ ಮೆಕ್ಯಾನಿಕ್ ಗೆಳೆಯರಿಗೆ, ಸಮುದ್ರದ ನೀರನ್ನು ಸಿಹಿನೀರಾಗಿಸುವ ವಾಟರ್‌ಮೇಕರ್ ರಿಪೇರಿಯವರಿಗೆ: ನೀವು ಬೈದದ್ದೆಲ್ಲ ನೆನಪಿದೆ. ಎಂಜಿನ್ ತಂಪಾಗಿಸುವ ನೀರಿನ ಪಂಪಿನಲ್ಲಿ ಇಂಪೆಲ್ಲರ್‌ನ ರೆಕ್ಕೆ ಮುರಿದರೆ ಹೊಸದು ಹಾಕಿದ ಮಾತ್ರಕ್ಕೆ ಮುಗಿಯುವುದಿಲ್ಲ, ಮುರಿದ ಚೂರುಗಳನ್ನು ಎಣಿಸಿ ಹುಡುಕಬೇಕು. ಅವು ಹೀಟ್ ಎಕ್ಸ್‌ಚೇಂಜರ್ ಬಾಯಲ್ಲಿ ಕೂತು ಮುಂದೊಂದು ದಿನ ಎಂಜಿನ್ ಕಾಯಿಸುತ್ತವೆ. ವಾಟರ್‌ಮೇಕರ್ ಪೊರೆಗೆ ಕ್ಲೋರಿನ್ ಆಗದು, ಎಣ್ಣೆ ಆಗದು. ಬಂದರಿನ ನಲ್ಲಿನೀರಿನಲ್ಲಿ ತೊಳೆಯುವುದಿದ್ದರೆ ನಡುವೆ ಇದ್ದಿಲಿನ ಫಿಲ್ಟರ್ ಬೇಕೇ ಬೇಕು. ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಡಬೇಕು, ಇಲ್ಲವಾದರೆ ಒಳಗೆ ಬ್ಯಾಕ್ಟೀರಿಯಾ ಬೆಳೆದು ಕೊಳೆತ ಮೊಟ್ಟೆಯ ನಾತ.

ಹಾಯಿ ಹೊಲಿಯುವವರಿಗೆ, ಬಿಸಿಲಿಗೆ ಬೇಗ ಹಾಳಾಗದ ಪಿಟಿಎಫ್‌ಇ ದಾರದ ಬೆಲೆ ನೋಡಿ ಗೊಣಗಿದ್ದಕ್ಕೆ ಕ್ಷಮೆಯಿರಲಿ. ಉಷ್ಣವಲಯದ ಬಿಸಿಲಿಗೆ ಬಟ್ಟೆಗಿಂತ ಮೊದಲು ಸಾಯುವುದು ಪಾಲಿಯೆಸ್ಟರ್ ಹೊಲಿಗೆ.

ಹವಳದ ಗೀರು ಚಿಕ್ಕದೆಂದು ಬಿಡಬಾರದೆಂದು ಹೇಳಿ, ಬ್ರಷ್ಷಿನಿಂದ ಉಜ್ಜಿ ಒಳಗಿನ ಚೂರು ತೆಗೆದ ದ್ವೀಪಗಳ ನರ್ಸ್‌ಗಳಿಗೆ ನಮಸ್ಕಾರ. ಸಿಹಿನೀರು, ಸೋಪು, ಆಂಟಿಸೆಪ್ಟಿಕ್, ಆಮೇಲೆ ಗಾಯ ಒಣಗುವವರೆಗೆ ಸಮುದ್ರಕ್ಕೆ ಇಳಿಯದಿರುವುದು. ಕೊನೆಯದೇ ಕಷ್ಟ. ಟಹೀಟಿಯ ಪಪೇಟೆ ಮಾರುಕಟ್ಟೆಯ ಹೆಂಗಸರಿಗೂ ನಮಸ್ಕಾರ: ಫ್ರಿಜ್ ಕಾಣದ ಮೊಟ್ಟೆ ಕೊಟ್ಟದ್ದಕ್ಕೆ, ಎಲೆಕೋಸನ್ನು ಕೊಯ್ಯದೆ ಹೊರಎಲೆಗಳನ್ನು ಒಂದೊಂದಾಗಿ ಕಿತ್ತು ಬಳಸಲು ಹೇಳಿದ್ದಕ್ಕೆ, ಸಾಮಾನನ್ನು ರಟ್ಟಿನ ಡಬ್ಬಿಯಿಂದ ತೆಗೆದು ಬುಟ್ಟಿಯಲ್ಲಿ ಕಳಿಸಿದ್ದಕ್ಕೆ. ರಟ್ಟಿನ ಮಡಿಕೆಗಳಲ್ಲಿ ಜಿರಲೆ ಮೊಟ್ಟೆಗಳಿರುತ್ತವೆ, ಒಮ್ಮೆ ದೋಣಿ ಹತ್ತಿದರೆ ಇಳಿಯುವುದಿಲ್ಲ.

ಹವಾಮಾನ ಓದಲು ಕಲಿಸಿದವರ ಪೈಕಿ ಒಬ್ಬರ ಹೆಸರು ಜಗಜ್ಜಾಹೀರು: ದಕ್ಷಿಣ ಪೆಸಿಫಿಕ್‌ನ ನಾವಿಕರಿಗಾಗಿ ವಾರವಾರ ಹವಾಮಾನದ ಮುನ್ನೋಟವಾದ ವೆದರ್‌ಗ್ರಾಂ ಬರೆದ ನ್ಯೂಜಿಲೆಂಡಿನ ಬಾಬ್ ಮ್ಯಾಕ್‌ಡೇವಿಟ್. ಹವಾಮಾನ ಮುನ್ಸೂಚನೆಯ ಗ್ರಿಬ್ ಕಡತದ ಬಾಣಗಳು ತೋರಿಸುವುದು ಸರಾಸರಿ ಗಾಳಿಯನ್ನು. ನಡುನಡುವೆ ರಭಸದಿಂದ ಬೀಸುವ ಗಾಳಿ ಅದಕ್ಕಿಂತ ಶೇ. 40ರಷ್ಟು ಹೆಚ್ಚಿರಬಹುದು ಎಂದಿಟ್ಟುಕೊಂಡೇ ಹಾಯಿ ಇಳಿಸಬೇಕು, ಗುಡುಗುಮೋಡದೊಳಗಿನ ಹೊಡೆತವಂತೂ ಅದರಲ್ಲಿ ಕಾಣುವುದೇ ಇಲ್ಲ. ಟೋಂಗಾ, ಫಿಜಿಯಿಂದ ದಕ್ಷಿಣಕ್ಕೆ ಇಳಿಯುವ ಸಾವಿರದಷ್ಟು ಮೈಲಿಯಲ್ಲಿ ಟಾಸ್ಮನ್ ಸಮುದ್ರದಿಂದ ಸಾಲುಸಾಲಾಗಿ ಬರುವ ಕಡಿಮೆ ಒತ್ತಡದ ವಲಯಗಳ ನಡುವೆ ನುಸುಳಬೇಕು. ತೆರೆದ ಸಾಗರದ ನಡುವಿನ ಮಿನರ್ವಾ ಹವಳದಿಬ್ಬದೊಳಗೆ ಲಂಗರು ಹಾಕಿ ಸರಿಯಾದ ಹೊತ್ತಿಗೆ ಕಾಯಬಹುದು, ಹೊರಡುವ ಆತುರವೇ ಅಲ್ಲಿ ದೊಡ್ಡ ಶತ್ರು.

ಕೊನೆಗೆ ಓಪುವಾದ ಕ್ವಾರಂಟೈನ್ ಜೆಟ್ಟಿಯ ಅಧಿಕಾರಿಗಳಿಗೆ. ಕನಿಷ್ಠ 48 ಗಂಟೆ ಮುಂಚೆ ಸೂಚನೆ ಕಳಿಸಿ, ಬರುವುದಕ್ಕೆ ಮುಂಚಿನ 30 ದಿನದೊಳಗೆ ದೋಣಿಯ ತಳ ಶುಚಿ ಮಾಡಿದ್ದಕ್ಕೆ ತಾರೀಖಿರುವ ಫೋಟೋ, ರಸೀದಿ ಇಟ್ಟುಕೊಂಡಿದ್ದರೆ ಕೆಲಸ ಸಲೀಸು. ತಳ ಎಂದರೆ ಬರೀ ಪಕ್ಕಗಳಲ್ಲ. ಪ್ರೊಪೆಲ್ಲರ್, ಚುಕ್ಕಾಣಿಯ ಸಂದು, ಕೀಲ್‌ನ ಅಡಿ, ನೀರು ಒಳಬರುವ ತೂತುಗಳನ್ನೂ ನೋಡುತ್ತಾರೆ. ಜೇನು, ಹಸಿ ಹಣ್ಣು ತರಕಾರಿ ಮೊದಲೇ ತಿಂದು ಮುಗಿಸಿ.

ಮೇ ತಿಂಗಳಲ್ಲಿ ಉತ್ತರಕ್ಕೆ ಹೊರಡುವವರಿಗೆ ನಮ್ಮ ಕಡೆಯಿಂದ: ಟೋಂಗಾ, ಫಿಜಿಯ ಸೌಜನ್ಯ ಧ್ವಜ (ಹೋದ ದೇಶದ ಗೌರವಕ್ಕೆ ದೋಣಿಯಲ್ಲಿ ಹಾರಿಸುವ ಬಾವುಟ) ಒಂದೊಂದು, ಗ್ಯಾಸ್ ಸಿಲಿಂಡರ್ ತುಂಬಿಸುವ ಅಡಾಪ್ಟರ್‌ಗಳು, ಬಳಸದ ಎರಡು ಬೆಣೆಗಳು ಒಂದು ಡಬ್ಬಿಯಲ್ಲಿವೆ. ಬೆಣೆ 8 ಮಿಲಿಮೀಟರ್ ತಂತಿಯದು. ಜೆಟ್ಟಿಯಲ್ಲಿ ಕೇಳಿದರೆ ಕೊಡುತ್ತೇವೆ.