ಗೆಳೆಯನಿಗೊಂದು ಪತ್ರ: ಲಾರಿಗಳಿಲ್ಲದ ದಾರಿ

ಪ್ರೀತಿಯ ಗೆಳೆಯಾ,

ಈ ಪತ್ರವನ್ನು ನಿನ್ನೊಬ್ಬನಿಗೇ ಕಳುಹಿಸಬಹುದಿತ್ತು. ಆದರೆ ನೀನು ನನ್ನ ಪತ್ರಗಳನ್ನು ತೆರೆಯದೆಯೇ ‘ಓದಿದೆ, ಚೆನ್ನಾಗಿದೆ’ ಎನ್ನುವವನೆಂಬುದು ಅನುಭವದಿಂದ ಗೊತ್ತಿರುವುದರಿಂದ, ಈ ಸಲ ನಾಲ್ಕು ಜನರ ಎದುರಿಗೇ ಓದಿಸುತ್ತಿದ್ದೇನೆ. ಆ ನಾಲ್ಕು ಜನ ಕ್ಷಮಿಸಬೇಕು. ಮೇಷ್ಟ್ರ ಪಂಪಿನ ವಿಷಯ ಬಂದಾಗ ಅವರಿಗೆ ಏನೂ ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಪಂಪು ಈ ಸಲವೂ ಕೈಕೊಡಲಿಲ್ಲ. ಅಷ್ಟು ಹೇಳಿದರೆ ನಿನಗೆ ಸಾಕು.

ನಾನು ಸಾಲ್ಜ್‌ಬರ್ಗಿನಿಂದ ಗ್ರಾಡೋವರೆಗೆ ಸೈಕಲ್ ತುಳಿದು ಬಂದೆ. ಆಸ್ಟ್ರಿಯಾದಲ್ಲಿ ಹೊರಟು, ಆಲ್ಪ್ಸ್ ಪರ್ವತಗಳನ್ನು ಹಾದು, ಇಟಲಿಯ ಆಡ್ರಿಯಾಟಿಕ್ ಕಡಲಂಚನ್ನು ಮುಟ್ಟುವ ಸುಮಾರು 410 ಕಿಲೋಮೀಟರಿನ ಈ ದಾರಿಗೆ ಆಲ್ಪೆ ಆಡ್ರಿಯಾ ಎಂದು ಹೆಸರು. ಆಲ್ಪ್ಸ್ ದಾಟಿದೆನೆಂದ ಕೂಡಲೇ ನೀನು ಊಹಿಸಿಕೊಳ್ಳುವಂಥ ಶೌರ್ಯವೇನೂ ಇದರಲ್ಲಿಲ್ಲ. ನಡುವಿನ ದೊಡ್ಡ ಬೆಟ್ಟಸಾಲನ್ನು ಈ ದಾರಿಯವರು ಏರುವುದೇ ಇಲ್ಲ. ಬ್ಯೋಕ್‌ಸ್ಟೈನ್‌ನಲ್ಲಿ ಸೈಕಲ್ಲನ್ನು ರೈಲಿಗೆ ಹತ್ತಿಸಿ, 1909ರಲ್ಲಿ ತೆರೆದ, ಎಂಟು ಕಿಲೋಮೀಟರಿಗೂ ಉದ್ದದ ಟೌಯರ್ನ್ ಸುರಂಗವನ್ನು ಕುಳಿತಲ್ಲೇ ದಾಟಿ, ಆಚೆಯ ಮಾಲ್ನಿಟ್ಸ್‌ನಲ್ಲಿ ಇಳಿಯುತ್ತಾರೆ. ನಾನೂ ಹಾಗೆಯೇ ಮಾಡಿದೆ, ಇಳಿದ ಮೇಲೆ ಎಲ್ಲವನ್ನೂ ತುಳಿದು ಬಂದವನ ಮುಖಭಾವದಲ್ಲಿ ಫೋಟೋ ತೆಗೆಸಿಕೊಂಡೆ. ಆ ಫೋಟೋದ ಕೆಳಗೆ ನೀನು ಕೇಳಿದ ಪ್ರಶ್ನೆಗೆ ಇದೇ ಉತ್ತರವೆಂದು ತಿಳಿ.

ಹೇಳಬೇಕಾದದ್ದು ಗಡಿ ದಾಟಿದ ಮೇಲೆ ಸಿಗುವ ಇಟಲಿಯ ಊರು ತಾರ್ವೀಸಿಯೋದಿಂದ ಆಚೆಗಿನ ಸಂಗತಿ. ಆ ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಕಾಂಪೊರೊಸ್ಸೊ ಎಂಬ ಎತ್ತರ ಬರುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೆ ತುಸು ಮೇಲೆ. ಅಲ್ಲಿ ಬಿದ್ದ ಮಳೆ ಒಂದು ಬದಿಗೆ ಹರಿದರೆ ಡ್ರಾವಾ, ಡ್ಯಾನ್ಯೂಬ್ ನದಿಗಳನ್ನು ಹಿಡಿದು ಕಪ್ಪು ಸಮುದ್ರ ಸೇರುತ್ತದೆ, ಇನ್ನೊಂದು ಬದಿಗೆ ಹರಿದರೆ ಫೆಲ್ಲಾ, ತಾಲಿಯಮೆಂತೊಗಳ ಜೊತೆ ಆಡ್ರಿಯಾಟಿಕ್ ಸೇರುತ್ತದೆ. ನೋಡಲು ಅದು ಒಂದು ಹುಲ್ಲುಗಾವಲು, ಅಷ್ಟೇ. ತಾನು ಇಷ್ಟು ದೊಡ್ಡ ತೀರ್ಮಾನ ಮಾಡುತ್ತಿದ್ದೇನೆಂಬ ಸುಳಿವನ್ನೂ ಆ ನೆಲ ಕೊಡುವುದಿಲ್ಲ.

ಅಲ್ಲಿಂದ ಮುಂದಿನ ಸೈಕಲ್ ದಾರಿ ಒಂದು ಕಾಲದ ರೈಲುದಾರಿ. 1879ರಲ್ಲಿ ಪೂರ್ತಿಯಾದ ಪೊಂತೆಬ್ಬಾನಾ ಎಂಬ ಆ ಒಂಟಿ ಹಳಿಯ ಜಾಗಕ್ಕೆ, ಬಹುಪಾಲು ಬೆಟ್ಟದೊಳಗೇ ಸಾಗುವ ಹೊಸ ಜೋಡಿ ಹಳಿ ಬಂದಿತು; 2000ದ ಹೊತ್ತಿಗೆ ಹಳೆಯದರ ಮೇಲೆ ರೈಲು ನಿಂತೇಹೋಯಿತು. ಹಳಿ ಕಿತ್ತು ಡಾಂಬರು ಹಾಕಿ ಅದನ್ನು ಸೈಕಲ್ಲಿನವರಿಗೆ ಬಿಟ್ಟುಕೊಟ್ಟಿದ್ದಾರೆ. ಉಗಿಬಂಡಿ ಏರಬೇಕಿದ್ದ ದಾರಿಯಲ್ಲವೇ, ನೂರು ಮೀಟರು ಸಾಗಿದರೆ ಎರಡು ಮೂರು ಮೀಟರಿನ ಏರಿಳಿತ ಕಂಡರೆ ಅದೇ ಹೆಚ್ಚು. ಸುರಂಗವೊಂದನ್ನು ದಾಟಿದರೆ ಕಬ್ಬಿಣದ ಸೇತುವೆ, ಸೇತುವೆ ಮುಗಿದರೆ ಮತ್ತೆ ಸುರಂಗ. ಕೆಳಗೆ ಬಿಳಿಯ ಕಲ್ಲುಹಾಸಿನ ನಡುವೆ ಹಸಿರು ಬೆರೆತ ನೀಲಿಯಲ್ಲಿ ಫೆಲ್ಲಾ. ಕ್ಯೂಸಾಫೋರ್ತೆಯ ಹಳೆಯ ರೈಲು ನಿಲ್ದಾಣ ಈಗ ಸೈಕಲ್ಲಿನವರು ಕುಳಿತು ಕಾಫಿ ಕುಡಿಯುವ ತಾಣ; ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕಾಲು ಇಳಿಬಿಟ್ಟು, ಎಂದೂ ಬಾರದ ರೈಲಿಗಾಗಿ ಕಾದವನಂತೆ ನಾನೂ ಅರ್ಧ ಗಂಟೆ ಕುಳಿತಿದ್ದೆ. ಕಣಿವೆಯ ಮೇಲ್ಗಡೆ ಎತ್ತರದ ಕಂಬಗಳ ಮೇಲೆ ಎ23 ಮೋಟಾರುದಾರಿ ಹೋಗುವುದರಿಂದ ಕೆಲವು ಕಡೆ ಅದರ ಮೊರೆತ ಕಿವಿಗೆ ಬೀಳುತ್ತದೆ. ಆದರೆ ನೀನು ತುಳಿಯುವ ದಾರಿಯಲ್ಲಿ ಒಂದೇ ಒಂದು ವಾಹನವಿಲ್ಲ. ಬೆನ್ನ ಹಿಂದೆ ಏನು ಬರುತ್ತಿದೆ ಎಂದು ಭುಜ ಬಿಗಿಹಿಡಿಯುವ ನಮ್ಮ ಅಭ್ಯಾಸ ಎರಡನೆಯ ದಿನಕ್ಕೆ ತಾನಾಗಿ ಬಿಟ್ಟುಹೋಗುತ್ತದೆ.

ಭುಜ ಸಡಿಲವಾದ ಮೇಲೆ ಕಿವಿ ಚುರುಕಾಗುತ್ತದೆ, ಮತ್ತು ತೊಂದರೆ ಶುರುವಾಗುವುದು ಅಲ್ಲಿಯೇ. ಮೊದಲಿಗೆ ನಾನು ನನ್ನ ಸೈಕಲ್ಲನ್ನೇ ಕೇಳಿಸಿಕೊಂಡೆ. ಪೆಡಲ್ ನಿಲ್ಲಿಸಿದಾಗ ಫ್ರೀವೀಲಿನ ಕಿರಿಕಿರಿ, ಮಡ್‌ಗಾರ್ಡಿಗೆ ತಗಲುವ ಹರಳು, ಒಣಗಿದ ಚೈನಿನ ಗೊಣಗಾಟ. ನಾಲ್ಕು ವರ್ಷಗಳಿಂದ ಪೆಡಲ್ ಅಚ್ಚಿನದೆಂದು ನಾನು ಮೆಕ್ಯಾನಿಕ್ಕುಗಳೊಡನೆ ಜಗಳವಾಡಿದ ಆ ‘ಕಟಕ್’ ಶಬ್ದ ಇತ್ತಲ್ಲ, ಅದು ಸೀಟಿನ ಕೆಳಗಿನ ಒಂದು ಬೋಲ್ಟಿನದು. ಎದ್ದು ನಿಂತು ತುಳಿದಾಗ ನಿಂತುಹೋಗುತ್ತಿತ್ತು, ಕುಳಿತೊಡನೆ ಬರುತ್ತಿತ್ತು. ಅಷ್ಟು ಸರಳವಾದ ಪರೀಕ್ಷೆಯನ್ನು ಮಾಡಲು ನನಗೆ ಆಲ್ಪ್ಸ್ ಪರ್ವತವೇ ಬೇಕಾಯಿತು.

ದೋನ್ಯಾ ಊರಿನ ಹತ್ತಿರದ ಸುರಂಗವೊಂದರಲ್ಲಿ ನಡೆದದ್ದು ಇಷ್ಟು. ನನ್ನ ಹಿಂದೆ, ಕಡಿಮೆಯೆಂದರೂ ನೂರು ಮೀಟರು ದೂರದಲ್ಲಿ, ಎಪ್ಪತ್ತು ದಾಟಿದ ಮುದುಕರೊಬ್ಬರು ಬರುತ್ತಿದ್ದರು. ನನ್ನ ಹಿಂಬದಿಯ ಚೀಲದ ಪಟ್ಟಿಯೊಂದು ಕಳಚಿ, ತೂಗುತ್ತ ಚಕ್ರದ ಕಡ್ಡಿಗಳನ್ನು ಸವರುತ್ತಿದ್ದುದನ್ನು ನೋಡಿ ಅವರು ಏನೋ ಹೇಳಿದರು. ಕೂಗಲಿಲ್ಲ, ಹೇಳಿದರು, ಅದೂ ಒಂದೇ ಸಲ. ನನಗೆ ಇಟಾಲಿಯನ್ ಬಾರದು, ಆದರೂ ಆ ಮಾತು ನನಗೇ ಎಂಬುದು ತಿಳಿದು ಕಾಲು ತಾನಾಗಿ ನಿಂತಿತು. ಅವರು ಬಂದು, ಸೈಕಲ್ಲಿನಿಂದ ಇಳಿದು, ಪಟ್ಟಿಯನ್ನು ಎರಡು ಸುತ್ತು ಸುತ್ತಿ ಕೊಕ್ಕೆಗೆ ಸಿಕ್ಕಿಸಿ, ಅದರ ತುದಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ, ನನ್ನ ಬೆನ್ನು ತಟ್ಟಿ ಹೊರಟುಹೋದರು. ನಾನು ಮಾತ್ರ ಸುರಂಗದ ಬಾಯಲ್ಲಿ ನಿಂತೇ ಇದ್ದೆ. ಹಿಂದಿನಿಂದ ಕರೆದದ್ದು ಕೇಳಿಸಿದರೆ ಮನುಷ್ಯ ನಿಲ್ಲುತ್ತಾನೆ ಎಂಬುದು ನನಗೆ ಆ ಹೊತ್ತಿನಲ್ಲಿ ಯಾಕಷ್ಟು ಚುಚ್ಚಬೇಕು?

ಹಿಂದೊಮ್ಮೆ ನಾವಿಬ್ಬರೂ ಸೈಕಲ್ಲಿನಲ್ಲಿ ಏರಿದ ಆ ಘಾಟಿಯ ಎಂಟನೆಯ ತಿರುವು ನಿನಗೆ ನೆನಪಿರಲೇಬೇಕು. ಚೈನು ತುಂಡಾಗಿ ನೀನು ಹಿಂದೆ ಉಳಿದೆ, ನಾನು ಮೇಲಕ್ಕೆ ಹೋದೆ, ಒಂದೂವರೆ ಗಂಟೆಯ ಮೇಲೆ ನೀನು ಸೈಕಲ್ ತಳ್ಳಿಕೊಂಡು ಬಂದಾಗ ನಾನು ‘ಲಾರಿಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಮಾರಾಯ’ ಎಂದೆ. ಚೈನು ಜೋಡಿಸುವ ಉಪಕರಣ ನನ್ನ ಚೀಲದಲ್ಲಿತ್ತು. ನೀನು ‘ಹೌದು, ಲಾರಿ ಬಹಳ’ ಎಂದೆ. ಅಂದಿನಿಂದ ಈ ಕತೆಯನ್ನು ನಾನು ಎಷ್ಟು ಗುಂಪುಗಳಲ್ಲಿ ತಮಾಷೆಯಾಗಿ ಹೇಳಿದ್ದೇನೆಂದರೆ, ಹೇಳಿದ ಪ್ರತಿ ಸಲ ಒಂದೊಂದು ಲಾರಿ ಹೆಚ್ಚಾಗುತ್ತ ಹೋಗಿ, ಈಚೆಗೆ ಅದು ಸುಮಾರು ಒಂದು ಲಾರಿ ಸ್ಟ್ಯಾಂಡಿನಷ್ಟಾಗಿದೆ.

ಆ ಹೊತ್ತಿನಲ್ಲಿ ಅಲ್ಲಿ ಲಾರಿ ಇರಲಿಲ್ಲ, ಗೆಳೆಯಾ. ‘ಏ, ನಿಲ್ಲೋ’ ಎಂದು ನೀನು ಎರಡು ಸಲ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಎರಡನೆಯ ಸಲ ನಿನ್ನ ದನಿ ತಗ್ಗಿತ್ತು ಎಂಬುದೂ ಕೇಳಿಸಿತು. ಕಾಲೇಜಿನ ದಿನಗಳಿಂದ ನಾನು ನೋಡಿಕೊಂಡು ಬಂದದ್ದು ನಿನ್ನ ಹಿಂದಿನ ಚಕ್ರವನ್ನೇ. ಆ ದಿನ ಮೊದಲ ಸಲ ನನ್ನ ಮುಂದೆ ಯಾರೂ ಇರಲಿಲ್ಲ. ಅದನ್ನು ಎಂಟನೆಯ ತಿರುವಿನಲ್ಲಿ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ನಿನ್ನನ್ನು ಸೋಲಿಸುವುದು ಬೇಕಿತ್ತು ಎಂದರೂ ಪೂರ್ತಿ ನಿಜವಾಗದು. ನೀನು ಇಲ್ಲದ ದಾರಿ ಹೇಗಿರುತ್ತದೆಂದು ನೋಡಬೇಕೆನಿಸಿತ್ತು. ಚೆನ್ನಾಗಿಯೇ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಅದಾದ ಮೇಲೆ ನೀನು ಮೊಣಕಾಲಿನ ನೆಪ ಹೇಳಿ ದೂರದ ಸವಾರಿಗಳನ್ನು ಬಿಟ್ಟೆ. ನೆಪವೆಂದು ಗೊತ್ತಿದ್ದೂ ನಾನು ಒಂದು ದಿನವೂ ವಿಚಾರಿಸಲಿಲ್ಲ, ವಿಚಾರಿಸಿದ್ದರೆ ನೀನು ಉತ್ತರ ಹೇಳಿಬಿಡುತ್ತಿದ್ದೆ ಎಂಬ ಹೆದರಿಕೆಗೆ.

ಇಷ್ಟು ಬರೆಯಬೇಕೆಂದು ಕುಳಿತವನಲ್ಲ ನಾನು. ದಾರಿಯ ವರ್ಣನೆ, ಎರಡು ಸೇತುವೆ, ಒಂದು ಸೂರ್ಯಾಸ್ತ, ಮುಗಿಸಿಬಿಡೋಣ ಎಂದುಕೊಂಡಿದ್ದೆ. ನಗಬೇಡ: ಮುಂದೆ ಸ್ವಲ್ಪ ದೂರ ಸಾಮಾನ್ಯ ರಸ್ತೆಗೆ ಇಳಿಯಬೇಕಾಗಿ ಬಂದು, ಮಗ್ಗುಲಲ್ಲೇ ಟ್ರಕ್ಕೊಂದು ಗಾಳಿ ಹೊಡೆದುಕೊಂಡು ಹೋದಾಗ ನನಗೆ ಆದದ್ದು ಭಯವಲ್ಲ, ನೆಮ್ಮದಿ. ಸಾಕ್ಷಿದಾರ ಮರಳಿ ಬಂದ ಎನಿಸಿತು.

ಆ ಸಂಜೆ ವೆನ್ಜೋನೆ ತಲುಪಿದೆ. 1976ರ ಮೇ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಫ್ರಿಯೂಲಿ ಪ್ರಾಂತ್ಯವನ್ನು ಅಲುಗಾಡಿಸಿದ ಭೂಕಂಪಗಳಲ್ಲಿ ಈ ಊರಿನ ಹಳೆಯ ಚರ್ಚು ಕುಸಿದುಬಿತ್ತು. ಬಿದ್ದ ಕಲ್ಲುಗಳನ್ನು ಹೊಲವೊಂದರಲ್ಲಿ ಹರಡಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಯಾವುದು ಎಲ್ಲಿಯದೆಂದು ಪತ್ತೆಹಚ್ಚಿ, ವರ್ಷಗಟ್ಟಲೆ ದುಡಿದು ಮತ್ತೆ ನಿಲ್ಲಿಸಿದ್ದಾರೆ. ಈ ಕಲ್ಲುಗಳಿಂದ ನಮ್ಮಿಬ್ಬರ ಬಗ್ಗೆ ಒಂದು ಒಳ್ಳೆಯ ಉಪಮೆ ಹೊಸೆಯಬಹುದೆಂದು ಗೋಡೆಯ ಮುಂದೆ ನಿಂತು ಬಹಳ ಹೊತ್ತು ಪ್ರಯತ್ನಿಸಿದೆ. ಸೊಳ್ಳೆ ಕಚ್ಚತೊಡಗಿದ್ದರಿಂದ ಕೈಬಿಟ್ಟೆ.

ಗ್ರಾಡೋದಲ್ಲಿ ಹಿನ್ನೀರಿನ ನಡುವೆ ಹಾಕಿದ ನೇರ ರಸ್ತೆಯ ಮೇಲೆ ಎದುರುಗಾಳಿ ಬೀಸಿ, ನನ್ನ ತತ್ವಜ್ಞಾನವೆಲ್ಲ ತೊಡೆಗಳಿಗೆ ಇಳಿದುಹೋಯಿತು. ಕಡಲು ಕಂಡಾಗ ನನ್ನ ಮೊದಲ ಉದ್ಗಾರ ಪ್ರಕಟಿಸಲು ಯೋಗ್ಯವಾದದ್ದಲ್ಲ.

ಒಮ್ಮೆ ಇಲ್ಲಿಗೆ ಬರೋಣ. ಮೊಣಕಾಲು ನಿಜವಾಗಿಯೂ ನೋಯುತ್ತಿದ್ದರೂ ಅಡ್ಡಿಯಿಲ್ಲ, ತಾರ್ವೀಸಿಯೋದಿಂದ ಕೆಳಕ್ಕೆ ಬಹುಪಾಲು ಇಳಿಜಾರು. ನೀನು ಮುಂದೆ ಹೋಗು. ನಾನು ಹಿಂದಿನಿಂದ ಕೂಗುತ್ತೇನೆ. ನಿಲ್ಲುವುದೋ, ಇಲ್ಲದ ಲಾರಿಗಳನ್ನು ದೂರುವುದೋ ನಿನಗೆ ಬಿಟ್ಟದ್ದು. ಚೈನಿನ ಉಪಕರಣ ಈ ಸಲ ನಿನ್ನ ಚೀಲದಲ್ಲಿರಲಿ. ಮೇಷ್ಟ್ರ ಪಂಪನ್ನು ಮಾತ್ರ ತರಬೇಡ.

ನಿನ್ನ,
ಸೀಟಿನ ಬೋಲ್ಟು ಬಿಗಿಸಿಕೊಂಡವನು