ಎರಡನೆಯ ವರ್ಷದ ಕೆಲಸ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ವಿದೇಶಿ ನೆರವಿನ ಸಂಸ್ಥೆಯಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ಓದಿ ಎರಡು ದಿನ ಆ ಸಂತೋಷದಲ್ಲೇ ಓಡಾಡಿದೆ. ಮೂರನೆಯ ದಿನ ನಿನ್ನ ಪತ್ರವನ್ನು ಮತ್ತೆ ತೆಗೆದಾಗ ಒಂದು ಸಾಲು ಮನಸ್ಸಿಗೆ ಚುಚ್ಚಿತು. 'ಶಿಬಿರದಲ್ಲಿ ಆರು ತಿಂಗಳು ಇದ್ದು ಮುಂದಿನ ಕಡೆಗೆ ಹೋಗುತ್ತೇನೆ' ಎಂದು ಬರೆದಿದ್ದೀಯೆ. ಅದರ ಬಗ್ಗೆ ಮಾತಾಡಬೇಕು.

ಮೊದಲ ತಿಂಗಳುಗಳ ಕೆಲಸವನ್ನು ನಾನು ಹಗುರ ಮಾಡುತ್ತಿಲ್ಲ ಮಗಳೇ. ಮಗುವಿನ ತೋಳಿಗೆ ಸುತ್ತುವ ಅಳತೆಪಟ್ಟಿ ನಿನ್ನ ಕೈಗೂ ಬರುತ್ತದೆ. ಹಸಿರು, ಹಳದಿ, ಕೆಂಪು ಬಣ್ಣಗಳ ಪಟ್ಟಿ ಅದು. 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ನಾನು ಮೊದಲ ಸಲ ಸುತ್ತಿದಾಗ ಆ ತಾಯಿ ನನ್ನ ಮುಖವನ್ನು ನೋಡಲೇ ಇಲ್ಲ, ಬಣ್ಣ ಕಾಣುವ ಕಿಂಡಿಯನ್ನೇ ದಿಟ್ಟಿಸುತ್ತಿದ್ದಳು. ಕೆಂಪು ಬಂತು. ಕಡಲೆಕಾಯಿ ಪೇಸ್ಟಿನ ಪೊಟ್ಟಣಗಳನ್ನು ಕೊಟ್ಟು ಕಳಿಸಿದೆವು. ಒಂದೊಂದೂ 92 ಗ್ರಾಂ, 500 ಕ್ಯಾಲೊರಿ. ಒಲೆ ಬೇಡ, ಬೆರೆಸಲು ನೀರು ಬೇಡ. ಕೆಲವು ವಾರ ಕಳೆದ ಮೇಲೆ ಅದೇ ತೋಳಿನಲ್ಲಿ ಹಳದಿ ಕಂಡಿತು. ದೂರದೇಶದವರ ತೆರಿಗೆ ಹಣದಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಕಣ್ಣ ಮುಂದೆ ಬರುವುದು ಆ ತೋಳು.

ಆದರೆ ಅಲ್ಲಿಗೇ ಎರಡು ವರ್ಷದ ನಂತರ ಹೋದಾಗ ಬೇರೆಯದನ್ನು ಕಂಡೆ. ನಮ್ಮ ತಂಡ ಹಾಕಿಸಿದ್ದ ಕೈಪಂಪಿನ ಹಿಡಿಕೆಯ ಮೇಲೆ ಬಟ್ಟೆ ಒಣಗುತ್ತಿತ್ತು. ಹೆಂಗಸರು ಕೊಡ ಹೊತ್ತು ಅದರ ಪಕ್ಕದಲ್ಲೇ ಹಾದು ಕೆರೆಗೆ ಹೋಗುತ್ತಿದ್ದರು. ಒಳಗಿನ ಒಂದು ವಾಷರ್ ಸವೆದಿತ್ತು, ಅಷ್ಟೇ. ಆ ಜಾತಿಯ ಪಂಪಿನ ಬಿಡಿಭಾಗ ಸುತ್ತಮುತ್ತ ಎಲ್ಲೂ ಸಿಗುತ್ತಿರಲಿಲ್ಲ. ಯಾವ ಪಂಪು ಬೇಕೆಂದು ನಾವು ಅವರನ್ನು ಕೇಳಿರಲೂ ಇಲ್ಲ. ನಮ್ಮ ಅಂತಿಮ ವರದಿಯಲ್ಲಿ ಮಾತ್ರ 'ಕುಡಿಯುವ ನೀರು ಒದಗಿಸಲಾಗಿದೆ' ಎಂದಿತ್ತು, ಕೆಳಗೆ ನನ್ನ ಸಹಿಯೂ ಇತ್ತು. ಆ ಸಹಿಯ ನೋವು ನನಗೆ ಇನ್ನೂ ಹೋಗಿಲ್ಲ.

ದುರಂತ ನಡೆದ ವಾರ ಕ್ಯಾಮೆರಾ ಇರುತ್ತದೆ, ಹಣವೂ ಹರಿದು ಬರುತ್ತದೆ. ಮನೆ, ಶಾಲೆ, ದುಡಿಮೆ ಮತ್ತೆ ಎದ್ದು ನಿಲ್ಲಬೇಕಾದ ಹೊತ್ತಿಗೆ ಎರಡೂ ಮುಂದಿನ ದುರಂತಕ್ಕೆ ಹೊರಟುಹೋಗಿರುತ್ತವೆ. 2004ರ ಡಿಸೆಂಬರ್ 26ರ ಸುನಾಮಿ ಇಂಡೊನೇಷ್ಯಾದ 'ಅಚೆ' ಎಂಬ ಪ್ರಾಂತ್ಯವನ್ನು ಕೊಚ್ಚಿಹಾಕಿದ ಮೇಲೆ ಅಲ್ಲಿಯ ಸರ್ಕಾರ ಪುನರ್ನಿರ್ಮಾಣಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಿತು. 2005ರಿಂದ 2009ರವರೆಗೆ, ನಾಲ್ಕು ವರ್ಷ, ಹೊರಗಿನಿಂದ ಬಂದ ನೆರವನ್ನು ಹೊಂದಿಸುವ ಹೊಣೆ ಅದರದ್ದಾಗಿತ್ತು. ಒಂದು ಲಕ್ಷಕ್ಕೂ ಹೆಚ್ಚು ಮನೆಗಳು ಎದ್ದವು. ತಪ್ಪುಗಳು ಅಲ್ಲಿಯೂ ಆದವು, ಆದರೆ ಚುಕ್ಕಾಣಿ ಆ ದೇಶದವರ ಕೈಯಲ್ಲಿತ್ತು.

ಹೈಟಿ ದೇಶದ ಕಥೆ ನೆನೆದರೆ ಹೊಟ್ಟೆ ಉರಿಯುತ್ತದೆ. 2010ರ ಜನವರಿಯಲ್ಲಿ ಭೂಕಂಪ. ಅದೇ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲಕರ ನೆಲೆಯೊಂದರ ಹೊಲಸು ನದಿಗೆ ಸೇರಿ ಕಾಲರಾ ಹಬ್ಬಿತು, ಸುಮಾರು ಹತ್ತು ಸಾವಿರ ಜನ ಸತ್ತರು. ವಿಶ್ವಸಂಸ್ಥೆ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ. ಆರು ವರ್ಷ! ನೊಂದವರಿಗೆ ಉತ್ತರ ಕೊಡಬೇಕಾದವರು ನಾವು ಎಂಬುದನ್ನು ಮರೆತರೆ ಹೀಗಾಗುತ್ತದೆ. ನೆರವಿಗೆ ಬಂದವರೆಂಬ ಕಾರಣಕ್ಕೆ ನಮಗೆ ಯಾವ ರಿಯಾಯಿತಿಯೂ ಇಲ್ಲ.

2016ರಲ್ಲೇ ಇಸ್ತಾನ್‌ಬುಲ್‌ನಲ್ಲಿ ದೊಡ್ಡ ದೊಡ್ಡ ದಾನಿಗಳು ಒಂದು ಮಾತು ಕೊಟ್ಟರು: 2020ರ ಹೊತ್ತಿಗೆ ಮಾನವೀಯ ನೆರವಿನ ಶೇಕಡಾ 25ರಷ್ಟು ಆಯಾ ನೆಲದ ಸಂಸ್ಥೆಗಳ ಕೈಗೇ ಸೇರಬೇಕು ಎಂದು. ಅದು ಈಡೇರಲಿಲ್ಲ. ನಿನ್ನ ಕೈಯಲ್ಲಿ ಅಷ್ಟು ದೊಡ್ಡ ಲೆಕ್ಕ ಇರುವುದಿಲ್ಲ, ನಿಜ. ಆದರೆ ಸಣ್ಣದು ಇದ್ದೇ ಇರುತ್ತದೆ. ಸಾಮಾನು ಎಲ್ಲಿ ಕೊಳ್ಳಬೇಕು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ದಾಖಲೆಪುಸ್ತಕ ಯಾರ ಭಾಷೆಯಲ್ಲಿರಬೇಕು ಎಂಬಲ್ಲೆಲ್ಲ ನಿನ್ನ ಮಾತು ನಡೆಯುತ್ತದೆ. ನಿನ್ನ ಪಕ್ಕದಲ್ಲಿ ನಿಂತ ಅಲ್ಲಿಯ ದಾದಿ ನಿನಗಿಂತ ಚೆನ್ನಾಗಿ ಆ ಪಟ್ಟಿ ಸುತ್ತುವಂತಾಗಲಿ. ಪಟ್ಟಿಯ ಕಟ್ಟು ಅವಳ ಬೀರುವಿನಲ್ಲೇ ಇರಲಿ.

ಏಕೆಂದರೆ ಹೊರಡುವ ದಿನ ನಮ್ಮ ಕೈಯಲ್ಲಿರುವುದಿಲ್ಲ. 1961ರಿಂದ ನಡೆದುಬಂದ, ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಎಐಡಿ 2025ರ ಜುಲೈ 1ಕ್ಕೆ ಕೆಲಸ ನಿಲ್ಲಿಸಿತು. ಅದಕ್ಕೂ ತಿಂಗಳುಗಳ ಮೊದಲೇ ಹಣ ತಡೆಹಿಡಿದದ್ದರಿಂದ ಹಲವು ದೇಶಗಳಲ್ಲಿ ಚಿಕಿತ್ಸಾಲಯಗಳ ಬಾಗಿಲು ಮುಚ್ಚಿತ್ತು. ಎಂದಿನಂತೆ ಔಷಧಿಗೆ ಬಂದವರು ಆ ಬಾಗಿಲಿಂದಲೇ ಹಿಂದಿರುಗಿದರು.

ನಿನ್ನ ಒಪ್ಪಂದಪತ್ರವನ್ನು ಇನ್ನೊಮ್ಮೆ ಓದು. ಆರು ತಿಂಗಳ ನಂತರ ಅದೇ ಜಾಗದಲ್ಲಿ ಮುಂದುವರಿಯಲು ಅವಕಾಶವಿದೆಯೇ, ಯೋಜನೆ ಮುಗಿದ ಮೇಲೆ ದುರಸ್ತಿಗೆಂದು ಹಣ ತೆಗೆದಿಟ್ಟಿದ್ದಾರೆಯೇ ಎಂದು ಕೇಳು. ಕೇಳಲು ಸಂಕೋಚಪಡಬೇಡ. ಅವರು ಏನೆಂದರು ಎಂದು ನನಗೆ ಬರೆ, ಕಾಯುತ್ತಿರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ