ಕುಟುಪಾಲಂಗ್‌ನಿಂದ ಹೊರಡುವ ಮುಂಚೆ

ನಾಳೆ ಬೆಳಗ್ಗೆ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಬಿಡುತ್ತಿದ್ದೇನೆ. ಇಲ್ಲಿನ ಕುಟುಪಾಲಂಗ್ ನಿರಾಶ್ರಿತರ ಶಿಬಿರದಲ್ಲಿ ಒಂದೂವರೆ ವರ್ಷದ ಕೆಲಸ ಮುಗಿಯಿತು. ಊರಿಗೆ ಹೋದ ಮೇಲೆ ಬರೆದರಾಯ್ತು ಅಂದುಕೊಂಡಿದ್ದೆ. ಆದರೆ ಜೊತೆಗೆ ದುಡಿದ ಇವರೆಲ್ಲ ಕಣ್ಣ ಮುಂದೆ ಇರುವಾಗಲೇ ಬರೆಯಬೇಕು ಅನ್ನಿಸಿತು.

2017ರ ಆಗಸ್ಟ್ ನಂತರ ಮ್ಯಾನ್ಮಾರ್‌ನ ರಖೈನ್‌ನಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಜೀವ ಉಳಿಸಿಕೊಳ್ಳಲು ಬಾಂಗ್ಲಾದೇಶಕ್ಕೆ ಓಡಿ ಬಂದರು. ಉಖಿಯಾ, ಟೆಕ್ನಾಫ್ ಗುಡ್ಡಗಳ ಮೇಲೆ ಬಿದಿರು, ಟಾರ್ಪಾಲ್‌ನ ಮನೆಗಳು. ಶಿಬಿರದಲ್ಲಿ ಅರ್ಧದಷ್ಟು ಜನ ಮಕ್ಕಳೇ. ಅವರ ಕಷ್ಟಸುಖ ನೋಡುವವರು ಶಿಬಿರದವರೇ ಆದ ಸ್ವಯಂಸೇವಕರು, ಜೊತೆಗೆ ಬಾಂಗ್ಲಾದ ಕಾರ್ಯಕರ್ತರು. ಇವರಿಗೆ ತರಬೇತಿ ಕೊಡುವುದು ನನ್ನ ಕೆಲಸವಾಗಿತ್ತು.

ಮೊದಲ ದಿನ ಲ್ಯಾಪ್‌ಟಾಪ್ ತುಂಬ ಸ್ಲೈಡ್ ತಂದಿದ್ದೆ. ಶೆಡ್‌ನಲ್ಲಿ ಕರೆಂಟಿಲ್ಲ. ಎದುರಿಗೆ ಕೂತವರಲ್ಲಿ ಹಲವರಿಗೆ ಓದು ಬರಹ ಬರುತ್ತಿರಲಿಲ್ಲ. ಚಿತ್ತಗಾಂಗ್ ಕಡೆಯ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ನಿಂತು ನನ್ನ ಮಾತನ್ನೆಲ್ಲ ಅವರಿಗೆ ದಾಟಿಸಿದರು. ಅವರ ಆಡುಮಾತು ರೋಹಿಂಗ್ಯಾ ಭಾಷೆಗೆ ತುಂಬಾ ಹತ್ತಿರ. ನಾನು 'ಮಾನಸಿಕ ಸಮಸ್ಯೆ' ಅಂದರೆ, "ಹಾಗಂದ್ರೆ ಹುಚ್ಚು ಅಂದುಕೊಳ್ತಾರೆ ಆಪಾ, ಅಶಾಂತಿ ಅನ್ನಿ" ಅಂದರು. ಆಪಾ ಅಂದರೆ ಅಕ್ಕ. ಅಶಾಂತಿ! ನಮ್ಮದೇ ಪದ ಅಲ್ವಾ. ಅವತ್ತಿನಿಂದ ನನ್ನ ಪಾಠ ದಾರಿಗೆ ಬಂತು. ಭಾಯ್, ಈ ಋಣ ದೊಡ್ಡದು.

ಇನ್ನೊಂದು ದಿನ, ಕಳೆದುಹೋದ ಮಗುವಿನ ಪಾಠ. ಹೆಸರು ಕೇಳಿ, ಅಪ್ಪ ಅಮ್ಮನ ಹೆಸರು ಕೇಳಿ, ಶಿಬಿರದ ಯಾವ ಬ್ಲಾಕ್ ಅಂತ ಕೇಳಿ ಅಂತ ಹೇಳುತ್ತಿದ್ದೆ. ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. 2021ರ ಮಾರ್ಚ್ 22ರಂದು ಶಿಬಿರಕ್ಕೆ ಬಿದ್ದ ಬೆಂಕಿಯಲ್ಲಿ ಅವಳ ಮನೆಯೂ ಸುಟ್ಟಿತ್ತು. ಅವತ್ತು ಸುಮಾರು 45 ಸಾವಿರ ಜನ ಸೂರು ಕಳೆದುಕೊಂಡರು. ಆ ನೂಕುನುಗ್ಗಲಲ್ಲಿ ಎಷ್ಟೋ ಮಕ್ಕಳು ಮನೆಯವರ ಕೈ ತಪ್ಪಿದರು.

"ಅಮ್ಮ ಎಲ್ಲಿ ಅಂತ ಮೊದಲೇ ಕೇಳಿದ್ರೆ ಮಗು ಇನ್ನೂ ಜೋರಾಗಿ ಅಳುತ್ತೆ ಆಪಾ" ಅಂದಳು. ಎದ್ದು ಬಂದು, ಎದುರಿಗೆ ಮಗು ಇದೆ ಅನ್ನುವ ಹಾಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ನೀರಿನ ಬಾಟಲಿ ಮುಂದಿಟ್ಟಳು. ಮಗುವನ್ನು ಮುಟ್ಟುವ ಹಾಗೆ ಮಾಡಲಿಲ್ಲ. ಅಂಗೈ ಬಿಚ್ಚಿ ಹತ್ತಿರ ಇಟ್ಟಳು, ಬೇಕಿದ್ದರೆ ಮಗುವೇ ಹಿಡಿಯಲಿ ಅಂತ. "ಅಮ್ಮ ಸಿಕ್ಕೇ ಸಿಗ್ತಾಳೆ ಅನ್ನಬಾರದು. ಹುಡುಕೋಣ, ಅಲ್ಲಿವರೆಗೂ ನಾನಿಲ್ಲೇ ಇರ್ತೀನಿ ಅನ್ನಬೇಕು." ಆಮೇಲಿನ ತಂಡಗಳಿಗೆಲ್ಲ ಈ ಪಾಠ ಮಾಡಿದ್ದು ಅವಳೇ. ನಾನು ಹಿಂದೆ ಕೂತು ಕೇಳುತ್ತಿದ್ದೆ.

ಮಗು ಹೇಳಿಕೊಂಡಿದ್ದನ್ನು ಕೇಸ್ ನೋಡುವವರಿಗೆ ಬಿಟ್ಟು ಬೇರೆ ಯಾರಿಗೂ ಹೇಳಬೇಡಿ ಅಂತ ಕಲಿಸುವುದು ಸುಲಭ. ಪಕ್ಕದ ಮನೆಯಲ್ಲಿ ಕೆಮ್ಮಿದರೂ ಕೇಳಿಸುವ ಬಿದಿರಿನ ಗೋಡೆಗಳ ನಡುವೆ ಬದುಕುತ್ತಾ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಎಷ್ಟು ಕಷ್ಟ! ಅದೇ ಕುಟುಂಬದವರ ಜೊತೆ ಮರುದಿನ ನೀರಿನ ಸಾಲಲ್ಲಿ ನಿಲ್ಲಬೇಕು. ಸ್ವಯಂಸೇವಕರೇ, ನೀವು ಅದನ್ನು ಮಾಡಿದ್ದೀರಿ, ದಿನಾ. ನಿಮಗೆ ಕೈ ಮುಗಿಯುತ್ತೇನೆ.

ತರಬೇತಿಗೆ ಹೆಣ್ಣುಮಕ್ಕಳನ್ನು ಕಳಿಸಿ ಅಂತ ಮನೆಮನೆಗೆ ಹೋಗಿ ಒಪ್ಪಿಸಿದ ಮಾಝಿಗಳಿಗೆ, ಅಂದರೆ ಬ್ಲಾಕಿನ ಮುಖಂಡರಿಗೆ, ಮಳೆಯಲ್ಲಿ ಕೆಸರು ದಾರಿಯಲ್ಲೂ ನಮ್ಮನ್ನು ಹೊತ್ತು ತಂದ ಡ್ರೈವರ್ ಅಣ್ಣನಿಗೆ ಧನ್ಯವಾದ.

ಅಮ್ಮಾ, ತೀರ್ಥಹಳ್ಳಿಯ ಅಂಗನವಾಡಿಯಲ್ಲಿ ನೀನು ಅಳುವ ಮಕ್ಕಳ ಎದುರು ಸುಮ್ನೆ ಕೂತಿರುತ್ತಿದ್ದೆಯಲ್ಲ, ಆ ಹುಡುಗಿ ಕೂತಿದ್ದೂ ಹಾಗೇ. ನನ್ನ ಮಗನನ್ನು ಇಷ್ಟು ದಿನ ನೋಡಿಕೊಂಡಿದ್ದೀಯ. ಅವನಿಗೆ ಹೇಳು, ಶನಿವಾರ ರಾತ್ರಿ ಊರಿನ ಬಸ್ಸು ಹತ್ತುತ್ತೇನೆ.